ವಾರಕ್ಕೊಂದು ಮಾತ್ರೆ

ನಮ್ಮ ಮೆಡಿಕಲ್ ಶಾಪಿನ ಮೇಡಮ್ಮಿಗೆ ಬೀದಿಯವರೆಲ್ಲ ಸೇರಿ ಇಟ್ಟ ಹೆಸರು ‘ಲೇಬಲ್ ಮೇಡಮ್’. ಎದುರಿಗೆ ಹೇಳೋ ಧೈರ್ಯ ಯಾರಿಗೂ ಇಲ್ಲ, ಹನ್ನೊಂದು ವರ್ಷದಿಂದ ಪಕ್ಕದಲ್ಲೇ ನಿಂತು ಬಿಲ್ ಹಾಕೋ ನನಗೂ ಇಲ್ಲ. ತಲೆನೋವಿಗೆ ಎರಡು ಮಾತ್ರೆ ಕೊಡಬೇಕಾದ್ರೂ ಯಾರಿಗೆ ಅಂತ ಕೇಳಬೇಕು, ವಯಸ್ಸು ಕೇಳಬೇಕು, ಕವರಿಗೆ ಲೇಬಲ್ ಅಂಟಿಸಬೇಕು, ಯಾವಾಗ ತಗೋತೀರಿ ಅಂತ ಗಿರಾಕಿಯ ಬಾಯಲ್ಲೇ ಹೇಳಿಸಬೇಕು. ಇದೇನು ಔಷಧಿ ಅಂಗಡಿಯೋ ಪೊಲೀಸ್ ಸ್ಟೇಷನ್ನೋ ಅಂತ ಜನ ಗೊಣಗೋದೆಲ್ಲ ನನ್ನ ಕಿವಿಗೆ. ಸುಳ್ಳು ಯಾಕೆ ಹೇಳಲಿ, ನನಗೂ ತಲೆ ಚಿಟ್ಟು ಹಿಡಿಯೋದು.

ಅವತ್ತು ಬೆಳಗ್ಗೆ ಹತ್ತೂವರೆ, ಅಂಗಡಿ ತುಂಬಾ ಜನ. ಮೇಡಮ್ಮಿನ ಅಕ್ಕನ ಮಗಳು ಬಂದು ಬಾಯಿಹುಣ್ಣಿಗೆ ಮುಲಾಮು ಕೇಳಿದಳು. ಮನೆ ಹುಡುಗಿ, ಇವಳನ್ನೇನು ಕೇಳೋದು ಅಂತ ನಾನು ತೆಗೆದು ಕೊಟ್ಟೇಬಿಟ್ಟೆ. ಒಳಗೆ ಮಾತ್ರೆ ಕತ್ತರಿಸುತ್ತಿದ್ದ ಮೇಡಮ್, ಅಭ್ಯಾಸಬಲ ನೋಡಿ, ಅಲ್ಲಿಂದಲೇ ಕೇಳಿದರು.

“ಯಾರಿಗೇ ಅದು?”

“ಅಮ್ಮನಿಗೆ, ಚಿಕ್ಕಮ್ಮ. ನಾಲ್ಕು ದಿನದಿಂದ ನೀರು ಕೂಡ ನುಂಗಕ್ಕಾಗ್ತಿಲ್ಲ. ನಿನ್ನೆಯಿಂದ ಜ್ವರ ಬೇರೆ.”

ಮೇಡಮ್ ಕತ್ತರಿ ಕೆಳಗಿಟ್ಟರು. 

ಹತ್ತು ದಿನದ ಹಿಂದೆ ಅವರಕ್ಕ ಕೀಲುನೋವಿಗೆ ಡಾಕ್ಟರ್ ಬರೆದ ಚೀಟಿ ತಂದಿದ್ದರು. ಎರಡು ಥರದ ಮಾತ್ರೆ. ಒಂದು ಬಲು ಜೋರಿನದು, ವಾರಕ್ಕೊಂದೇ, ಸೋಮವಾರ ಮಾತ್ರ; ದಿನಾ ನುಂಗಿದರೆ ಬಾಯೆಲ್ಲ ಹುಣ್ಣಾಗಿ ಮೈಗೆ ವಿಷವೇ ಆಗೋದು. ಇನ್ನೊಂದು ಬರೀ ವಿಟಮಿನ್, ಮಿಕ್ಕ ದಿನಗಳಿಗೆ. ಎರಡೂ ಹಳದಿ, ಎರಡೂ ಪುಟ್ಟವು. ಬೇರೆ ಯಾರಾಗಿದ್ದರೂ ಮೇಡಮ್ ಜೋರಿನ ಮಾತ್ರೆ ನಾಲ್ಕೇ ಕತ್ತರಿಸಿ, ಲೇಬಲ್ ಅಂಟಿಸಿ, ಮೂರು ಸಲ ಹೇಳಿಸಿ ಕಳಿಸುತ್ತಿದ್ದರು. ಮಂಡಿ ಹಿಡಿದ ಅಕ್ಕ ತಿಂಗಳು ತಿಂಗಳು ಯಾಕೆ ಬರಬೇಕು ಅಂತ ಹತ್ತರ ಸ್ಟ್ರಿಪ್ಪನ್ನೇ ಕೊಟ್ಟು, ‘ಸೋಮವಾರ ಮಾತ್ರ, ಗೊತ್ತಲ್ಲ’ ಅಂತ ಬಾಯಲ್ಲಿ ಹೇಳಿ, ಆಮೇಲೆ ಅಕ್ಕ ತಂಗಿ ಇಬ್ಬರೂ ಪಕ್ಕದ ಮನೆಯವರ ವಿಷಯ ಎತ್ತಿಕೊಂಡು ನಕ್ಕಿದ್ದರು. ದೀಪದ ಬುಡದಲ್ಲೇ ಕತ್ತಲೆ ಅನ್ನೋದು ಇದಕ್ಕೇ. ನಾನೂ ಅಲ್ಲೇ ಇದ್ದೆ, ಲೇಬಲ್ ಎಲ್ಲಿ ಅಂತ ಬಾಯಿ ಬಿಡಲಿಲ್ಲ. ಅಷ್ಟು ತಪ್ಪು ನನ್ನದೂ ಹೌದು.

ಮೇಡಮ್ ಅಕ್ಕನ ಮನೆಗೆ ಫೋನ್ ಮಾಡಿ ಭಾವನಿಗೆ ಮಾತ್ರೆ ಎಣಿಸಿ ಹೇಳಿ ಅಂದರು. ಜೋರಿನದರಲ್ಲಿ ಉಳಿದದ್ದು ಒಂದೇ ಒಂದು. ವಿಟಮಿನ್ನಿನದರಲ್ಲಿ ಖಾಲಿಯಾದದ್ದೂ ಒಂದೇ. ಸೋಮವಾರದ್ದನ್ನು ದಿನಾ, ದಿನದ್ದನ್ನು ಸೋಮವಾರ ನುಂಗಿದ್ದರು. ಆ ಕ್ಷಣವೇ ಆಸ್ಪತ್ರೆಗೆ ಹೊರಡಿಸಿ ಅಂತ ಭಾವನಿಗೆ ಹೇಳಿ, ನನಗೆ ಶಟರ್ ಎಳಿ ಅಂದರು. ಜನ ಕಾಯ್ತಿದಾರೆ ಅಂದೆ. ನಾನಿಲ್ಲದೆ ಒಂದು ಮಾತ್ರೆಯೂ ಹೊರಗೆ ಹೋಗಬಾರದು ಅಂದರು. ಗಿರಾಕಿಗಳ ಹತ್ತಿರ ಬೈಸಿಕೊಂಡೇ ಶಟರ್ ಎಳೆದು ಅವರ ಜೊತೆ ಆಟೋ ಹತ್ತಿದೆ.

ಆಸ್ಪತ್ರೆಯಲ್ಲಿ ರಕ್ತ ನೋಡಿದರೆ ಬಿಳಿ ಕಣಗಳು ನೆಲ ಕಚ್ಚಿದ್ದವು. ಡಾಕ್ಟರು ಸುತ್ತಿ ಬಳಸಿ ಮಾತಾಡಲಿಲ್ಲ, ಉಳಿಯೋದು ಕಷ್ಟ ಅಂದರು. ಹೊರಗೆ ಭಾವ ಹೆಂಡತಿಯನ್ನೇ ಬೈಯುತ್ತಿದ್ದರು: ಯಾರು ಏನು ಹೇಳಿದರೂ ಅರ್ಧ ಕಿವಿಯಲ್ಲಿ ಕೇಳ್ತಾಳೆ, ತಾನೇ ಏನೋ ಅದಲು ಬದಲು ಮಾಡಿಕೊಂಡಿದಾಳೆ ಅಂತ. ಈಗ ಹೇಳೋಕೆ ನಾಚಿಕೆಯಾಗತ್ತೆ, ನಾನು ಮೇಡಮ್ಮಿನ ಕೈ ಅದುಮಿ, ಸುಮ್ಮನಿದ್ದುಬಿಡಿ, ಲೈಸೆನ್ಸ್ ಹೋಗತ್ತೆ ಅಂದೆ. ಅವರು ಕೈ ಕೊಡವಿಕೊಂಡು ಸೀದಾ ಡಾಕ್ಟರ ಮುಂದೆ ನಿಂತರು.

“ಒಂಬತ್ತು ದಿನ, ದಿನಕ್ಕೊಂದು ಹೋಗಿದೆ. ಅವಳ ತಪ್ಪಲ್ಲ. ಕೊಟ್ಟವಳು ನಾನು, ಲೇಬಲ್ ಅಂಟಿಸಿರಲಿಲ್ಲ.”

ಭಾವ ಎದ್ದು ಹೋಗಿ ದೂರದ ಬೆಂಚಿನಲ್ಲಿ ಕೂತರು.

ಆ ಮಾತ್ರೆಯ ವಿಷ ಇಳಿಸೋ ಇಂಜೆಕ್ಷನ್ ಅಲ್ಲಿ ಎರಡೇ ಇದ್ದವು. ಮೇಡಮ್ ಗೋಡೆಗೆ ಒರಗಿ ಒಬ್ಬೊಬ್ಬರೇ ಡೀಲರಿಗೆ ಫೋನ್ ಹಚ್ಚಿದರು. ಆರನೆಯವನ ಹತ್ತಿರ ಸಿಕ್ಕಿತು. ತಂದು ಕೊಟ್ಟಾಗಲೂ ಡೇಟು ನೋಡಿ, ಸೀಲು ನೋಡಿಯೇ ನರ್ಸಿಗೆ ದಾಟಿಸಿದರು. 

ಐದು ದಿನ ರಕ್ತದ ಲೆಕ್ಕ ಮೇಲೇಳಲಿಲ್ಲ. ಮೇಡಮ್ ಸರಿಯಾಗಿ ಊಟ ಮಾಡಲಿಲ್ಲ, ಅಳಲೂ ಇಲ್ಲ. ಆರನೇ ದಿನ ಡಾಕ್ಟರು ಬಂದು, ಏರುತ್ತಿದೆ, ಇನ್ನು ಭಯವಿಲ್ಲ ಅಂದರು. ಮೇಡಮ್ ಮಂಚದ ಹತ್ತಿರ ಹೋಗಿ, ತಪ್ಪಾಯ್ತು ಅಕ್ಕ ಅಂದರು.  ಅಕ್ಕ ಆ ಹುಣ್ಣಾದ ಬಾಯಲ್ಲೇ, ಒಂದೊಂದೇ ಮಾತು ಹೆಕ್ಕಿಕೊಂಡು ಹೇಳಿದರು.

“ಕಂಡೋರಿಗೆಲ್ಲ ಅಷ್ಟು ಸಲ ಹೇಳ್ತೀಯ. ನಾನು ನಿನಗೆ ಅಕ್ಕ ಆಗಬಾರದಿತ್ತು ಕಣೇ, ಗಿರಾಕಿ ಆಗಬೇಕಿತ್ತು.”

ತಮಾಷೆಗೆ ಅಂದರೋ ನೊಂದು ಅಂದರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಮೇಡಮ್ ಮಂಚದ ಸರಳು ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತರು.