ಎದುರುಗಾಳಿಗೆ ಒಂದು ಎಂಜಿನ್: ಮೇಲವಂಕಿಯಿಂದ ಹಿಡಕಲ್ ಹಿನ್ನೀರಿನವರೆಗೆ

ಮೇಲವಂಕಿಯಿಂದ ಮೂಡಲಗಿಗೆ ಹೋಗುವ ಬೆಳಗಿನ ಬಸ್ಸು ಆರೂವರೆಗೆ ಹೊರಡಬೇಕು. ಅಂದು ಅದು ಬಂದದ್ದು ಏಳು ಗಂಟೆ ಹತ್ತು ನಿಮಿಷಕ್ಕೆ. ನಾನೂ ನನ್ನ ತಂಗಿ ಬಾಳವ್ವನೂ ಆರು ಗಂಟೆಯಿಂದ ಬೇವಿನ ಮರದ ಕೆಳಗೆ ನಿಂತಿದ್ದೆವು. ತಡವೇಕಾಯಿತೆಂದು ನಾನು ವಿಚಾರಿಸಿದ್ದಕ್ಕೆ ಕಂಡಕ್ಟರನು, "ನಿಮಗ ಊರ ಮುಟ್ಟೂದ ಬೇಕೋ, ಕಾರಣ ಬೇಕೋ ಅಜ್ಜಾರ?" ಎಂದನು. ಅವನ ಎದೆಯ ಬಿಲ್ಲೆಯ ಸಂಖ್ಯೆಯನ್ನು ನಾನು ಕಿಸೆಪುಸ್ತಕದಲ್ಲಿ ಗುರುತು ಹಾಕಿಕೊಂಡೆ.

"ಇನ್ನೂ ಊರ ಅಗಸಿ ದಾಟಿಲ್ಲ, ಆಗಲೇ ಒಬ್ಬನ್ನ ಬರಕೊಂಡಿ," ಎಂದಳು ಬಾಳವ್ವ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಬೇಸಿಗೆ ಅದು. ಬಾಳವ್ವನ ಮನೆ ಹಿಡಕಲ್ ಜಲಾಶಯದ ಹಿನ್ನೀರಿನ ಪಡುವಣ ದಂಡೆಯಲ್ಲಿದೆ. ಗಂಡಹೆಂಡಿರಿಬ್ಬರೂ ದೋಣಿಯಲ್ಲಿ ಹೋಗಿ ಬಲೆ ಬಿಟ್ಟು ಬದುಕಿದವರು. ಮಧ್ಯಾಹ್ನದ ಮೇಲೆ ಅಲ್ಲಿ ಪಶ್ಚಿಮದ ಗಾಳಿ ಏಳುತ್ತದೆ. ಆ ಗಾಳಿಗೆ ಎದುರಾಗಿ ಹುಟ್ಟುಹಾಕಿ ಮನೆಗೆ ಮರಳುವುದು ಅವಳ ಗಂಡ ಭೀಮಪ್ಪನ ಕೆಲಸವಾಗಿತ್ತು. ಎರಡು ತಿಂಗಳ ಹಿಂದೆ ಆತನ ಹೆಗಲು ಮುರಿದಂದಿನಿಂದ ಬಲೆಗಳು ಗೋಡೆಯ ಮೇಲಿದ್ದವು. ತಿಂಗಳೊಪ್ಪತ್ತಿನಲ್ಲಿ ನೀರಿಗಿಳಿಯದಿದ್ದರೆ ಅವರ ಮೀನು ಹಿಡಿಯುವ ಪರವಾನಿಗೆಯ ಪಾಲು ಮತ್ತೊಂದು ಮನೆಗೆ ಹೋಗುವುದೆಂದು ಮೀನುಗಾರರ ಸಂಘದಲ್ಲಿ ತೀರ್ಮಾನವಾಗಿತ್ತು. ಬಾಳವ್ವ ಒಬ್ಬಳೇ ಹೋಗಿ ಬರಬೇಕಾದರೆ ಎಂಜಿನ್ ಜೋಡಿಸಿದ ಬೋಟು ಬೇಕು. ಹೊಸದನ್ನು ಕೊಳ್ಳುವ ಶಕ್ತಿಯಿಲ್ಲ. ನಾನು ಮೂವತ್ತೊಂದು ವರ್ಷ ನದಿಯ ದಂಡೆಯ ಪಂಪ್‌ಹೌಸಿನಲ್ಲಿ ಎಂಜಿನ್ ನಡೆಸಿದವನು. ಹಳೆಯ ಎಂಜಿನ್ನಿನಲ್ಲಿ ಇನ್ನೆಷ್ಟು ಬಲ ಉಳಿದಿದೆಯೆಂದು ನೋಡಿ ಹೇಳಲು ಅವಳು ನನ್ನನ್ನು ಕರೆದೊಯ್ಯುತ್ತಿದ್ದಳು.

ಮೂಡಲಗಿಯಲ್ಲಿ ನಾವು ನೋಡಬೇಕಾಗಿದ್ದ ಬೋಟು ನೇಮಣ್ಣನೆಂಬ ವ್ಯಾಪಾರಸ್ಥರ ಅಂಗಳದಲ್ಲಿ, ಹಳೆಯ ಕಬ್ಬಿಣದ ನಡುವೆ, ಇಟ್ಟಿಗೆಯ ಮೇಲೆ ಕುಳಿತಿತ್ತು. ಸುತ್ತ ಹರದಾರಿ ದೂರದಲ್ಲಿ ಅದು ತೇಲುವಷ್ಟು ನೀರಿರಲಿಲ್ಲ. ಎಂಜಿನ್ನನ್ನು ದನ ನೀರು ಕುಡಿಯುವ ತೊಟ್ಟಿಯ ಅಂಚಿಗೆ ಬಿಗಿದು ಚಾಲೂ ಮಾಡಿ ತೋರಿಸಿದರು. ತೊಟ್ಟಿಯ ನೀರೆಲ್ಲ ಅಂಗಳಕ್ಕೆ ಹಾರಿತು. ಎಮ್ಮೆಯೊಂದು ಹಗ್ಗ ಹರಿದುಕೊಂಡು ಓಡಿತು.

"ನೋಡ್ರಿ ಕಾಕಾ, ಹದಿನೈದು ಎಚ್‌ಪಿ ಅಂದ್ರ ಹಿಂಗ," ಎಂದರು ನೇಮಣ್ಣ.

ಮುಚ್ಚಳದ ಮೇಲೆ ಹದಿನೈದೆಂದು ದೊಡ್ಡದಾಗಿ ಬರೆದದ್ದು ನಿಜ. ಆದರೆ ಮುಚ್ಚಳವನ್ನು ಯಾರು ಬೇಕಾದರೂ ಬದಲಿಸಬಹುದು. ಎಂಜಿನ್ನನ್ನು ಹಲಗೆಗೆ ಬಿಗಿಯುವ ಕಬ್ಬಿಣದ ಕೈಗೆ ಒಂದು ಚಿಕ್ಕ ತಗಡಿನ ಪಟ್ಟಿ ಹೊಡೆದಿರುತ್ತದೆ. ಕನ್ನಡಕವನ್ನು ಒರೆಸಿ, ಉಗುರಿನಿಂದ ಎಣ್ಣೆಯ ಜಿಡ್ಡು ಕೆರೆದು ಅದನ್ನು ಓದಿದೆ: ಎಂಟು. ಎಂಟರ ಮೈಗೆ ಹದಿನೈದರ ತಲೆ ಇಟ್ಟಿದ್ದರು. ನೇಮಣ್ಣನವರು ತಾವೇ ಬಾಗಿ ಓದಿದರು.

"ನನಗ ಖರೇನ ಗೊತ್ತಿರಲಿಲ್ರಿ. ಕೊಟ್ಟಾಂವ ನನಗೂ ಮುಚ್ಚಳಾನ ತೋರಿಸಿದ್ದ," ಎಂದರು. ನಾನು ಆ ಮಾತನ್ನು ನಂಬಿದೆ. ನಮ್ಮನ್ನು ನೆರಳಿನಲ್ಲಿ ಕೂರಿಸಿ, ಮಜ್ಜಿಗೆ ಕೊಟ್ಟು, ಮಾರುವುದಿದ್ದ ಮತ್ತೊಂದು ಬೋಟಿನ ಸುದ್ದಿಯನ್ನು ಅವರೇ ಹೇಳಿದರು. "ಹುಕ್ಕೇರಿ ಕಡೆ ಹಿನ್ನೀರಿನಾಗ ದುಂಡಪ್ಪ ಅಂತ ಒಬ್ಬಾಂವ ಅದಾನ. ಲಾರಿ ತಗೊಂಡಾನ, ಬೋಟು ಕೊಡಾಂವ ಇದಾನ."

ದುಂಡಪ್ಪನ ಹೆಸರು ಕೇಳಿ ನಾನು ಮಜ್ಜಿಗೆಯ ಲೋಟವನ್ನು ಕೆಳಗಿಟ್ಟೆ. ಎರಡು ವರ್ಷಗಳ ಹಿಂದೆ ಹುಕ್ಕೇರಿಯಲ್ಲಿ ಮೀನುಗಾರರ ಸಭೆಯೊಂದು ನಡೆದಿತ್ತು, ಭೀಮಪ್ಪನ ಜೊತೆಗೆ ನಾನೂ ಹೋಗಿದ್ದೆ. ಹಳೆಯ ಎಂಜಿನ್ನುಗಳನ್ನು ಭಾರ ಹೇರಿ ಪರೀಕ್ಷಿಸಬೇಕೆಂದು ನಾನು ಎದ್ದು ನಿಂತು ಸೂಚಿಸಿದಾಗ ಇದೇ ದುಂಡಪ್ಪನು, "ಪಂಪ್‌ಹೌಸಿನ ಅಜ್ಜಾರ, ಇದು ನೀರ ಎತ್ತೂ ಎಂಜಿನ್ ಅಲ್ಲ, ನೀರಾಗ ಓಡೂ ಎಂಜಿನ್. ಕೂಡ್ರಿ," ಎಂದಿದ್ದನು. ಇಪ್ಪತ್ತಮೂರು ಜನ ನಕ್ಕಿದ್ದರು. ನಗದೆ ಉಳಿದವರು ನಾಲ್ವರು. ಅವರಲ್ಲಿ ಒಬ್ಬರಿಗೆ ಕಿವಿ ಕೇಳುತ್ತಿರಲಿಲ್ಲ.

ಮೂಡಲಗಿಯಿಂದ ಗೋಕಾಕಕ್ಕೆ ಮೂವತ್ತು ಕಿಲೋಮೀಟರಿಗೆ ತುಸು ಕಡಿಮೆ. ಅರಭಾವಿಯಲ್ಲಿ ತೋಟಗಾರಿಕೆ ಕಾಲೇಜಿನ ವಿದ್ಯಾರ್ಥಿಗಳು ಸಸಿಯ ಚೀಲಗಳೊಡನೆ ಹತ್ತಿದ್ದರಿಂದ ಮುಂದಿನ ದಾರಿಯುದ್ದಕ್ಕೂ ನನ್ನ ತೊಡೆಯ ಮೇಲೊಂದು ಚಿಕ್ಕು ಗಿಡ ಕುಳಿತು ಸಾಗಿತು. ಗೋಕಾಕದ ಪೇಟೆಯಲ್ಲಿ ಪ್ಲಗ್ ಬಿಚ್ಚುವ ಪಾನಾ ಒಂದನ್ನು ಕೊಂಡೆ. ಸಂಜೆ ಧರ್ಮಶಾಲೆಯ ಕಟ್ಟೆಯ ಮೇಲೆ ರೊಟ್ಟಿ, ಝುಣಕ ಬಿಚ್ಚಿ ಕುಳಿತಾಗ, ದುಂಡಪ್ಪನ ಬಾಗಿಲಿಗೆ ನಾನು ಬರುವುದಿಲ್ಲವೆಂದು ಬಾಳವ್ವನಿಗೆ ತಿಳಿಸಿದೆ.

"ಆತು," ಎಂದಳು. "ನಿನ್ನ ಸಿಟ್ಟ ಬೆಚ್ಚಗ ಇಟಗೊ. ನಾ ನಾಳಿಂದ ಮಂದಿ ಕಬ್ಬಿನ ಹೊಲದಾಗ ಕಳೇವು ತಗ್ಯಾಕ ಹೋಗ್ತೇನಿ."

ರೊಟ್ಟಿ ಮುಗಿಯುವ ಮೊದಲೇ ನಾನು ಮನಸ್ಸು ಬದಲಿಸಿದೆ. ಹೋಗುವುದು, ಆದರೆ ಆ ಎಂಜಿನ್ನನ್ನು ಮುಚ್ಚಳದಿಂದ ಹಿಡಿದು ನೀರಿನಲ್ಲಿ ತಿರುಗುವ ಪಂಖದವರೆಗೆ ಬಿಚ್ಚಿ ನೋಡುವುದು, ಒಂದು ತಪ್ಪನ್ನೂ ಬಿಡದಿರುವುದು.

ಮರುದಿನ ಎಂಟು ಗಂಟೆಯ ಬಸ್ಸಿಗೆ ಘಟಪ್ರಭಾ, ಘೋಡಗೇರಿ ಮಾರ್ಗವಾಗಿ ಹುಕ್ಕೇರಿ ತಲುಪಿದೆವು. ಟಿಕೇಟು ಒಬ್ಬರಿಗೆ ಹನ್ನೆರಡು ರೂಪಾಯಿ. ಘೋಡಗೇರಿಯಲ್ಲಿ ಬಸ್ಸು ಕಾಲು ಗಂಟೆ ನಿಂತಿತು. ಒಬ್ಬ ಕುರುಬರ ಮುದುಕ ಎರಡು ಮರಿಗಳನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹತ್ತಿ, ಅವುಗಳಿಗೆ ಟಿಕೇಟು ಏಕೆ ಬೇಕಿಲ್ಲವೆಂಬುದನ್ನು ಊರು ಬರುವವರೆಗೂ ಕಂಡಕ್ಟರನಿಗೆ ವಿವರಿಸಿದ. ಹುಕ್ಕೇರಿಯಿಂದ ಟೆಂಪೋ ಹಿಡಿದು ಹಿನ್ನೀರಿನ ಮೂಡಣ ದಂಡೆಗೆ ಇಳಿದಾಗ ಹತ್ತೂವರೆ. ನೀರು ಬಹಳ ಹಿಂದೆ ಸರಿದಿತ್ತು. ಬಿರುಕು ಬಿಟ್ಟ ರೇವೆಮಣ್ಣಿನ ಆಚೆ, ದೂರದ ನೀರಿನಲ್ಲಿ, ಮಳೆಗಾಲದಲ್ಲಿ ಮುಳುಗಿರುವ ಹಳೆಯ ಕಲ್ಲುಗುಡಿ ಸೊಂಟದವರೆಗೆ ಹೊರಬಂದು ನಿಂತಿತ್ತು.

ದುಂಡಪ್ಪ ನಲವತ್ತರ ಆಳು. ನೇಮಣ್ಣನವರು ಹೇಳಿ ಕಳಿಸಿದ್ದರಿಂದ ದಂಡೆಯ ಮೇಲೆ ಬೋಟಿನ ಹತ್ತಿರವೇ ಕಾದಿದ್ದ. "ಬರ್ರಿ ಕಾಕಾ. ಈಗ ಗಾಳಿ ಇಲ್ಲ, ನೀರು ತಣ್ಣಗೈತಿ, ಒಂದ ಸುತ್ತ ಹೊಡಿಸಿ ತೋರಸ್ತೇನಿ," ಎಂದ.

"ಗಾಳಿ ಏಳಲಿ," ಎಂದೆ. "ಹುಕ್ಕೇರಿ ಸಭಾದಾಗ ನೀ ನನಗ ಏನ ಅಂದಿದ್ದಿ, ನೆನಪೈತೇನು?"

"ಯಾವ ಸಭಾರಿ?" ಎಂದ. ಅವನ ಮುಖವನ್ನು ದಿಟ್ಟಿಸಿ ನೋಡಿದೆ. ಅವನಿಗೆ ನಿಜವಾಗಿಯೂ ನೆನಪಿರಲಿಲ್ಲ. ಆಡಿದ್ದಕ್ಕಿಂತ ಮರೆತದ್ದು ನನಗೆ ಹೆಚ್ಚು ಭಾರವಾಯಿತು.

ಗಾಳಿ ಬರುವವರೆಗೆ ಪರೀಕ್ಷೆ ನಡೆಸಿದೆ. ಮೊದಲು ಎಂಜಿನ್ನಿನ ಮೇಲೆ ಅಂಗೈ ಇಟ್ಟೆ. ತಣ್ಣಗಿತ್ತು, ಸುಲಭವಾಗಿ ಚಾಲೂ ಆಗಲೆಂದು ನಾವು ಬರುವ ಮುನ್ನ ಬಿಸಿ ಮಾಡಿಟ್ಟಿರಲಿಲ್ಲ. ತಗಡಿನ ಪಟ್ಟಿಯಲ್ಲಿಯೂ ಮುಚ್ಚಳದಲ್ಲಿಯೂ ಹತ್ತು ಅಶ್ವಶಕ್ತಿಯೆಂದೇ ಇತ್ತು. ಚಾಲೂ ಮಾಡುವ ಹಗ್ಗವನ್ನು ಮೆಲ್ಲಗೆ ಎಳೆದರೆ ಎರಡು ಸಿಲಿಂಡರುಗಳೂ ಸಮನಾದ ಬಿಗುವಿನಿಂದ ತಡೆದವು. ಪ್ಲಗ್ಗುಗಳೆರಡರ ತುದಿಯೂ ಒಣ ಇಟ್ಟಿಗೆಯ ಬಣ್ಣ. ತಳದ ಗಿಯರಿನ ಎಣ್ಣೆ ಹಾಲಿನಂತಾಗಿದ್ದರೆ ನೀರು ಒಳಹೊಕ್ಕಿದೆ ಎಂದರ್ಥ, ಅದು ಹಾಗಾಗಿರಲಿಲ್ಲ. ಎಲ್ಲವನ್ನೂ ಬರೆದುಕೊಂಡೆ. ಒಂದೊಂದೂ ಸರಿಯಿದ್ದಂತೆ ನನ್ನ ಅಸಮಾಧಾನ ಬೆಳೆಯಿತು.

ಹನ್ನೆರಡೂವರೆಗೆ ಗಾಳಿ ಎದ್ದು ನೀರು ಮಡಿಕೆ ಮಡಿಕೆಯಾಯಿತು. ಆರು ಚೀಲಗಳಿಗೆ ಮರಳು ತುಂಬಿಸಿ, ಮೀನು ತೂಗುವ ಕಾಂಟಾದಲ್ಲಿ ಒಂದೊಂದೂ ಐವತ್ತು ಕಿಲೋ ಆಗುವಂತೆ ನೋಡಿದೆ. ಒದ್ದೆ ಬಲೆ, ಮೀನು, ಇಂಧನ ಸೇರಿದರೆ ಅಷ್ಟಾಗುತ್ತದೆ. ಚೀಲಗಳನ್ನು ನಾನೇ ನಿಂತು ಬೋಟಿನ ಮೂತಿಯ ಕಡೆಗೆ ಹೇರಿಸಿದೆ. ದುಂಡಪ್ಪ ಏನೋ ಹೇಳಲು ಬಾಯಿ ತೆರೆದ.

"ಎಂಜಿನ್ ನಿಂದು, ಪರೀಕ್ಷಾ ನಂದು. ನಡಕ ಬಾಯಿ ಹಾಕಬ್ಯಾಡ," ಎಂದೆ. ಅವನು ಸುಮ್ಮನೆ ಹಿಂದೆ ಹೋಗಿ ಎಂಜಿನ್ನಿನ ಹಿಡಿಕೆ ಹಿಡಿದ. ಬಾಳವ್ವ ಅವನ ಪಕ್ಕದಲ್ಲಿ ಕುಳಿತಳು. ನಾನು ಗಡಿಯಾರ ಹಿಡಿದು ನಡುವೆ ಕುಳಿತೆ.

ದಂಡೆಯಿಂದ ಕಲ್ಲುಗುಡಿಯವರೆಗೆ, ಗಾಳಿಗೆ ನೇರ ಎದುರಾಗಿ, ಹತ್ತೊಂಬತ್ತು ನಿಮಿಷ ಹಿಡಿಯಿತು. ಅಲೆಗೆ ಬೋಟಿನ ಮೂತಿ ಇಳಿದಾಗಲೆಲ್ಲ ಎಂಜಿನ್ ಕಿರುಚುತ್ತಿತ್ತು, ಬೋಟು ಮಾತ್ರ ಇದ್ದಲ್ಲಿಯೇ ತೂಗುತ್ತಿತ್ತು. ನಾಲ್ಕು ನೂರು ಎಕರೆಗೆ ನೀರು ಕೊಟ್ಟ ಕಾಲದಲ್ಲಿಯೂ ನನಗೆ ಅಷ್ಟು ಸಂತೋಷವಾಗಿರಲಿಕ್ಕಿಲ್ಲ.

"ಹತ್ತು ಎಚ್‌ಪಿ ಅಂದಿದ್ದಿ. ಇದರಾಗ ಐದೂ ಉಳದಿಲ್ಲ," ಎಂದೆ.

ದುಂಡಪ್ಪನ ಮುಖ ಇಳಿಯಿತು. "ಹ್ವಾದ ವರ್ಷ ಇದ ಎಂಜಿನ್ನಿಗೆ ಹತ್ತು ಮಂದೀನ ದಾಟಿಸೇನ್ರಿ. ಏನಾಗೇತೋ," ಎಂದು, ತಾನಾಗಿಯೇ ಬೆಲೆಯಲ್ಲಿ ಎರಡು ಸಾವಿರ ಇಳಿಸಿದ.

ಬಾಳವ್ವ ಅಷ್ಟು ಹೊತ್ತೂ ಬೋಟಿನ ಹಿಂದಿನ ನೀರನ್ನೇ ನೋಡುತ್ತಿದ್ದಳು. ಈಗ ತಲೆ ಎತ್ತಿ, "ಅಣ್ಣಾ, ಬ್ಯಾಸಿಗ್ಯಾಗ ಹೊಳಿ ಇಳದು ನಿನ್ನ ಪೈಪಿನ ಬಾಯಿ ನೀರ ಬಿಟ್ಟ ಮ್ಯಾಲೆದ್ರ ಪಂಪು ಹೆಂಗ ಒದರತಿತ್ತು?" ಎಂದಳು.

ಮೂವತ್ತೊಂದು ವರ್ಷ, ನಿದ್ದೆಯಲ್ಲಿದ್ದರೂ ಆ ಸದ್ದಿಗೆ ಎದ್ದು ಓಡಿದವನು ನಾನು. ಎಂಜಿನ್ ನೀರಿನ ಬದಲು ಗಾಳಿಯನ್ನು ಕಚ್ಚಿದಾಗ ಬರುವ ಸದ್ದು ಅದು. ಚಕ್ಕಡಿಗೆ ಹೇರುವಾಗ ಭಾರ ತುಸು ಮುಂದಿರಬೇಕು; ಹಿಂದಾದರೆ ನೊಗ ಎತ್ತುಗಳ ಹೆಗಲು ಬಿಟ್ಟು ಮೇಲೇಳುತ್ತದೆ. ಅದೇ ಅಭ್ಯಾಸದಿಂದ ನಾನು ಮುನ್ನೂರು ಕಿಲೋ ಮರಳನ್ನು ಮೂತಿಗೆ ಹೇರಿದ್ದೆ. ಮೂತಿ ಇಳಿದು ಹಿಂಭಾಗ ಎದ್ದಿತ್ತು. ಪಂಖ ಅರ್ಧ ಹೊತ್ತು ನೀರಿನ ಹೊರಗೇ ತಿರುಗಿತ್ತು.

ಮರಳಿ ದಂಡೆಗೆ ಬಂದು ನಾಲ್ಕು ಚೀಲಗಳನ್ನು ಮೂತಿಯಿಂದ ನಡುವಿಗೂ ಅದರ ಹಿಂದಕ್ಕೂ ಸರಿಸಿದೆವು. ಈ ಸಲ ಬಾಳವ್ವನೇ ಹಿಡಿಕೆ ಹಿಡಿದಳು. ನೆರೆಯವರ ಬೋಟಿನಲ್ಲಿ ಒಂದು ವಾರ ಕಲಿತಿದ್ದಳಂತೆ, ನನಗೆ ಹೇಳಿರಲಿಲ್ಲ. ಗಾಳಿ ಮೊದಲಿಗಿಂತ ಜೋರಾಗಿತ್ತು. ಗುಡಿ ಮುಟ್ಟಿದಾಗ ನೋಡಿದೆ: ಹನ್ನೊಂದು ನಿಮಿಷ. ಸದ್ದು ತಗ್ಗಿತ್ತು, ತುಂಬಿದ ಕೊಳವೆಯ ಪಂಪಿನ ಹಾಗೆ.

ಕಿಸೆಪುಸ್ತಕದಲ್ಲಿದ್ದ ಹತ್ತೊಂಬತ್ತನ್ನು ಹೊಡೆದುಹಾಕಲಿಲ್ಲ, ಅದರ ಪಕ್ಕದಲ್ಲಿ "ಭಾರ ತಪ್ಪಾಗಿ ಹೇರಿದ್ದು, ನನ್ನಿಂದ" ಎಂದು ಬರೆದೆ. ಆಮೇಲೆ ದುಂಡಪ್ಪನಿಗೂ ಅದನ್ನೇ ಹೇಳಿದೆ. ಹೇಳಲು ಗುಡಿಯಿಂದ ದಂಡೆಯವರೆಗಿನ ದಾರಿಯೆಲ್ಲ ಬೇಕಾಯಿತು.

"ಅದನ್ನ ಹೇಳಾಕ ಬಂದಿದ್ನಿರಿ," ಎಂದ ಅವನು, ನಗದೆ. "ನೀವು ಬಾಯಿ ಮುಚ್ಚಿಸಿದ್ರಿ. ಹಿರೇರು ಅಂತ ಸುಮ್ಮನಾದೆ." ಆ ಮಾತನ್ನೂ ಬರೆದುಕೊಂಡಿದ್ದೇನೆ.

ಎಂಜಿನ್ ಸರಿಯಿರುವುದರಿಂದ ಮೊದಲು ಹೇಳಿದ ಬೆಲೆಯನ್ನೇ ಕೊಡತಕ್ಕದ್ದೆಂದು ನಾನು ಹೇಳುತ್ತಿದ್ದಂತೆ ಬಾಳವ್ವ ನಡುವೆ ಬಂದಳು. "ಖರೆ ಮಾತು ನಿಂದು, ರೊಕ್ಕ ನಂದು. ನೀ ಒಂದೀಟ ಅತ್ತಾಗ ನಿಂದರು." ನಾನು ಅತ್ತ ನಿಂತೆ. ಇಳಿಸಿದ ಎರಡು ಸಾವಿರದಲ್ಲಿ ಒಂದು ಸಾವಿರ ಉಳಿಸಿಕೊಂಡು, ಮೇಲೊಂದು ಹಳೆಯ ಪಂಖವನ್ನೂ ಇಂಧನದ ಡಬ್ಬಿಯನ್ನೂ ಪಡೆದು ಅವಳು ವ್ಯವಹಾರ ಮುಗಿಸಿದಳು. ಬೋಟನ್ನು ನೀರಿಗೆ ನೂಕುವಾಗ ದುಂಡಪ್ಪ ಮೊಣಕಾಲವರೆಗೆ ಇಳಿದು ಹೆಗಲು ಕೊಟ್ಟ.

ಪಡುವಣ ದಂಡೆಗೆ ದಾಟಲು ನಲವತ್ತು ನಿಮಿಷ. ಅಲೆಯ ಹನಿ ಮುಖಕ್ಕೆ ಹೊಡೆಯಿತು. ನನ್ನ ಟೊಪ್ಪಿಗೆ ಹಾರಿ ನೀರು ಸೇರಿತು, ಬಾಳವ್ವ ಬೋಟು ತಿರುಗಿಸಲಿಲ್ಲ. ಭೀಮಪ್ಪ ಕೈಯನ್ನು ಕೊರಳಿಗೆ ಕಟ್ಟಿಕೊಂಡು ನೀರಿನ ಅಂಚಿಗೆ ಇಳಿದು ನಿಂತಿದ್ದ.

"ಗಾಳಿ ಹೊಡೀತೇನು?" ಎಂದ.

"ಹೊಡೀತು. ಅಣ್ಣನ ಟೊಪಗಿ ಅದಕ ಕೊಟ್ಟ ಬಂದ್ವಿ," ಎಂದಳು ಬಾಳವ್ವ. ಭೀಮಪ್ಪ ಒಂದೇ ಕೈಯಿಂದ ಹಗ್ಗ ಹಿಡಿದು ಬೋಟನ್ನು ಗೂಟಕ್ಕೆ ಕಟ್ಟಿದ. ಎರಡು ತಿಂಗಳಿನಿಂದ ಆತ ನೀರಿನ ಕಡೆಗೇ ಬಂದಿರಲಿಲ್ಲವೆಂದು ಅವಳು ಆಮೇಲೆ ಹೇಳಿದಳು.

ಮರುದಿನ ಬೆಳಗ್ಗೆ ನಾನು ಬಸ್ಸಿಗೆಂದು ದಿಬ್ಬ ಏರುತ್ತಿದ್ದೆ. ಕೆಳಗೆ ಎಂಜಿನ್ ಒಂದೇ ಸಮನೆ ನಡೆದಿತ್ತು. ಹೆಜ್ಜೆಗೆ ತಕ್ಕ ಸದ್ದು. ಅರ್ಧ ಏರಿದಾಗ ಅದು ಥಟ್ಟನೆ ನಿಂತಿತು. ಎಂಜಿನ್ ಕೆಟ್ಟಿತೆಂದೇ ತಿಳಿದು, ಚೀಲದಲ್ಲಿದ್ದ ಪಾನಾ ಹುಡುಕುತ್ತ ಹಿಂದಿರುಗಿ ನೋಡಿದೆ. ನಡುನೀರಿನಲ್ಲಿ ಬೋಟು ಮೆಲ್ಲಗೆ ತೇಲುತ್ತಿತ್ತು. ಬಾಳವ್ವ ಎದ್ದು ನಿಂತು ಬಲೆ ಬಿಡುತ್ತಿದ್ದಳು.