ಶೀಗಿ ಹುಣ್ಣಿಮೆಯ ದಿನ ಹಿಂದಕ್ಕೆ ಬಂದ ಜೀಪು

ನನ್ನ ಜೀಪಿನ ಮೂತಿಗೆ ವಿಂಚ್ ಕೂರಿಸಿದ ದಿನದಿಂದ ನಮ್ಮ ಮನೆಯಲ್ಲಿ ಅದಕ್ಕೆ ಕವಡೆ ಕಿಮ್ಮತ್ತು ಇರಲಿಲ್ಲ. ವಿಂಚ್ ಅಂದರೆ ಬೇರೇನಲ್ಲ, ಮುಂದಿನ ಬಂಪರಿನ ಮೇಲೆ ಕೂತು ಬ್ಯಾಟರಿಯ ಬಲದಿಂದ ತಿರುಗುವ ಒಂದು ಉರುಳೆ, ಅದಕ್ಕೆ ಸುತ್ತಿದ ಗಟ್ಟಿ ಹಗ್ಗ. ಹಗ್ಗದ ಕೊಕ್ಕೆಯನ್ನು ಮರಕ್ಕೆ ಸಿಕ್ಕಿಸಿ ಗುಂಡಿ ಒತ್ತಿದರೆ ಹೂತ ಗಾಡಿ ತನ್ನನ್ನು ತಾನೇ ಎಳೆದುಕೊಂಡು ಮೇಲೆ ಬರುತ್ತದೆ. "ಬಾವಿ ನೀರ ಸೇದೂದು ಬಿಟ್ಟು ಎಷ್ಟ ವರ್ಷ ಆತು, ಈಕಿ ಈಗ ಹಗ್ಗಾ ರಾಟಿ ತಂದಾಳ ನೋಡ್ರಿ" ಎಂದು ನನ್ನ ಗಂಡ ಬಂದವರಿಗೆಲ್ಲ ತೋರಿಸಿ ನಗುತ್ತಿದ್ದರು. ರಾಣೆಬೆನ್ನೂರಿನ ಸುತ್ತ ಬೀಜದ ಪ್ಲಾಟುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮಳೆಗಾಲದಲ್ಲಿ ಕರಿ ಮಣ್ಣಿನ ಎರೆ ಹೊಲಕ್ಕೆ ಹೋಗಿಬರುವ ಸಂಕಟ ಹಾವೇರಿಯ ಅಂಗಡಿಯಲ್ಲಿ ಫ್ಯಾನಿನ ಕೆಳಗೆ ಕೂರುವವರಿಗೆ ಹೇಗೆ ಗೊತ್ತಾಗಬೇಕು? ಉತ್ತರ ಕೊಟ್ಟರೆ ಜಗಳವೇ ಆಗುತ್ತಿತ್ತು, ನನ್ನ ಬಾಯಿ ನನಗೆ ಗೊತ್ತು.

ಆ ವರ್ಷದ ಶೀಗಿ ಹುಣ್ಣಿಮೆಗೆ ಅತ್ತೆಯನ್ನು ಹೊಲಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದು ಹಟ ಹಿಡಿದವಳು ನಾನೇ. ಮೊಣಕಾಲು ನೋವಿನಿಂದ ಅವರು ಎರಡು ವರ್ಷ ಹೋಗಿರಲಿಲ್ಲ. ಅಂದು ಪೈರು ಹೊತ್ತ ಭೂಮಿ ಬಸುರಿ. ಆಕೆಗೆ ಬಯಕೆಯ ಊಟ ಒಯ್ದು, ಬನ್ನಿಗಿಡದ ಬುಡದಲ್ಲಿ ಪೂಜೆ ಮಾಡಿ, ಉಡಿ ತುಂಬಿ, ಎಡೆಯ ಅಡುಗೆಯನ್ನು ಚರಗವೆಂದು ಹೊಲದ ತುಂಬ ಚೆಲ್ಲಿ, ಆಮೇಲೆ ಮನೆಯವರು ಉಣ್ಣಬೇಕು. ಉಡಿ ತುಂಬುವುದು ನಮ್ಮಲ್ಲಿ ಮನೆಯ ಹಿರಿಯ ಹೆಣ್ಣಿನ ಕೆಲಸ. ಎರಡು ವರ್ಷ ಅದನ್ನು ಮೈದುನನ ಹೆಂಡತಿ ಮಾಡಿದ್ದಳು, ಅತ್ತೆ ಹಾವೇರಿಯಲ್ಲಿ ಕೂತು ಫೋನಿನಲ್ಲಿ ಕುಂಕುಮ ಇಡುವ ಬಗೆ ಹೇಳಿಕೊಟ್ಟಿದ್ದರು.

ಮೋಟೆಬೆನ್ನೂರಿನ ಹತ್ತಿರದ ಹೊಲವನ್ನು ಮಾಡಿಸುವವನು ಮೈದುನ. ಅವನಿಗೆ ಈ ಯೋಚನೆ ಸೇರಲಿಲ್ಲ. "ಅವ್ವನ್ನ ಕರಕೊಂಡ ಬರಬ್ಯಾಡ್ರಿ ವೈನಿ. ಬಿದ್ದಗಿದ್ದಾಳು. ವಯಸ್ಸಾತು, ಮನ್ಯಾಗ ಕೈ ಮುಗದ್ರ ಸಾಕು" ಎಂದ. ಅತ್ತೆ ಬೆಳಗಿನ ಜಾವ ಎಳ್ಳು ಹೋಳಿಗೆ ಲಟ್ಟಿಸುತ್ತ, ನನ್ನ ಮುಖ ನೋಡದೆ ಹೇಳಿದರು: "ಈ ಸಲಾನೂ ಆಗಲಿಲ್ಲಂದ್ರ ಇನ್ನ ಮುಂದ ನನ್ನ ಯಾರೂ ಕೇಳೂದುಲ್ಲ ನೋಡ ತಂಗಿ." ಜೀಪಿನ ಚಕ್ರದ ಮೇಲೆ ಅವರ ಮುಂದಿನ ವರ್ಷಗಳೆಲ್ಲ ಕೂತಿವೆ ಎಂದು ಆಗಲೇ ತಿಳಿಯಿತು.

ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಕಡಬು, ಮೊಸರು ಬುತ್ತಿ ಎಲ್ಲ ಹಿಂದಿನ ಸೀಟಿಗೆ ಏರಿದವು. ಅತ್ತೆ ಹಸಿರು ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಉಡಿಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡರು. ನನ್ನ ಗಂಡ ಹಿಂದೆ ಬುತ್ತಿಗಂಟುಗಳ ನಡುವೆ ತಾವೂ ಒಂದು ಗಂಟಾಗಿ ಕೂತರು.

ನಮ್ಮ ಹೊಲಕ್ಕೆ ಎರಡು ದಾರಿ. ಹೆದ್ದಾರಿಯ ಕಡೆಯಿಂದ ಸುತ್ತಿ ಬಂದರೆ ಗರಸು ಮಣ್ಣು ಹಾಕಿ ಗಟ್ಟಿ ಮಾಡಿದ ಹೊಸ ದಾರಿ, ಹೊಲದ ಹಿಂಬದಿಗೆ, ಬನ್ನಿಗಿಡದ ಪಕ್ಕಕ್ಕೇ ಮುಟ್ಟಿಸುತ್ತದೆ. ಇನ್ನೊಂದು ಹಳೆಯ ಚಕ್ಕಡಿ ದಾರಿ, ಹೊಲದ ಮುಂಬದಿಗೆ ಬಂದು ಬದುವಿನ ಗುಂಟ ಗಿಡದ ಕಡೆ ತಿರುಗುತ್ತದೆ. ನಾನು ಗರಸಿನ ದಾರಿ ಹಿಡಿಯಬೇಕು ಅನ್ನುವಷ್ಟರಲ್ಲಿ ಅತ್ತೆ ಕೈ ಅಡ್ಡ ಮಾಡಿದರು.

"ಬಸುರಿ ಮಗಳ ಮನಿಗೆ ಬುತ್ತಿ ತಗೊಂಡು ಹಿತ್ತಲ ಬಾಗಲಿಂದ ಹೋಗತಾರೇನ? ಮುಂದಿನ ದಾರಿಗೆ ಹೊಡಿ."

"ಮಳಿ ಆಗೇತಿ, ಯವ್ವಾ" ಎಂದರು ಇವರು.

"ಆಗಿ ನಾಕ ದಿನ ಆತು. ಬಿಸಲ ನೋಡು ಹೆಂಗ ಐತಿ."

ಬಿಸಿಲು ಜೋರೇ ಇತ್ತು. ದಾರಿಯ ಮಣ್ಣು ಮೇಲೆ ಒಣಗಿ ಬಿರುಕು ಬಿಟ್ಟಿತ್ತು. ಎರೆ ಮಣ್ಣಿನ ಮೇಲ್ಮೈ ನಂಬಬಾರದು ಎಂದು ನಮ್ಮ ಸೀಮೆಯಲ್ಲಿ ಎಳೆ ಮಕ್ಕಳಿಗೂ ಗೊತ್ತು, ಜೀಪಿನಲ್ಲಿದ್ದ ಮೂವರಿಗೂ ಗೊತ್ತಿತ್ತು. ಆದರೆ ಹಬ್ಬದ ದಿನ ಬಸುರಿಯ ಮನೆಗೆ ಮುಂಬಾಗಿಲಿನಿಂದಲೇ ಹೋಗಬೇಕೆಂಬುದೂ ಗೊತ್ತಿತ್ತಲ್ಲ. ಮೇಲಾಗಿ ವಿಂಚ್ ಇದೆಯೆಂಬ ಸೊಕ್ಕು ನನಗೆ. ಬದುವಿಗೆ ತಿರುಗುವ ಮೂಲೆಯಲ್ಲಿ ಜೀಪು ಒಮ್ಮೆ ಜಾರಿತು, ಮೂತಿಯನ್ನು ಮೆಣಸಿನ ಗಿಡಗಳ ಕಡೆ ಮಾಡಿ ಮುಂದಿನ ಎರಡೂ ಗಾಲಿಗಳನ್ನು ಅಚ್ಚಿನವರೆಗೆ ಹೂತುಕೊಂಡು ಕೂತಿತು.

ಆಚೆ ತುದಿಯ ಬನ್ನಿಗಿಡದ ಕೆಳಗೆ ಮೊದಲೇ ಬಂದಿದ್ದ ಮಾವನೂ ಮೈದುನನ ಮನೆಯವರೂ ಹಾಸಿಕೊಂಡು ಕೂತದ್ದು ಕಾಣುತ್ತಿತ್ತು. ಮೈದುನ ಬದುವಿನ ಮೇಲೆ ಓಡುತ್ತ ಬಂದವನೇ ನಡು ಹಿಡಿದು ನಿಂತ. "ಹೇಳಿದ್ದೆ ಇಲ್ಲೋ?" ಎಂದ. ಅವನ ಟ್ರ್ಯಾಕ್ಟರ್ ಹೋದ ತಿಂಗಳು ಇದೇ ಮೂಲೆಯಲ್ಲಿ ಹೂತದ್ದರಿಂದ ಅದನ್ನು ತರುವ ಮಾತು ಅವನೂ ಎತ್ತಲಿಲ್ಲ. ವಿಂಚ್ ನೋಡಿ ಉಪಾಯ ಹೇಳಿದ: "ಇದರ ಹಗ್ಗಾ ಸೀದಾ ಬನ್ನಿಗಿಡದ ಕಡೆ ಒಯ್ದು ಜಗ್ಗರಿ ವೈನಿ. ನಾಕ ಸಾಲ ಗಿಡ ಹೋಗತಾವ, ಹೋಗಲಿ. ಅವ್ವ ಮುಟ್ಟಿದ್ರ ಸಾಕಲ್ಲ."

ವಿಂಚ್ ಮುಂದೆ, ಮರ ಮುಂದೆ, ದಾರಿಯೂ ಮುಂದೆ. ನಾನು ಹೂಂ ಅನ್ನುವವಳೇ ಇದ್ದೆ. ಅತ್ತೆ ಕೂತಲ್ಲಿಂದಲೇ ಗಿಡಗಳನ್ನು ನೋಡಿದರು. ಬ್ಯಾಡಗಿ ಮೆಣಸಿನ ಗಿಡ, ಬಿಳಿ ಹೂ, ನಡುನಡುವೆ ಬೆರಳುದ್ದದ ಹಸಿ ಕಾಯಿ.

"ಹೊಟ್ಟಿ ಮ್ಯಾಲ ಗಾಲಿ ಹಾಯಿಸಿ ಹೋಗಿ ಉಡಿ ತುಂಬಲೇನ? ಉಡಿ ತುಂಬೂದ ಬಿಟ್ರೂ ಚಿಂತಿಲ್ಲ, ಅದೊಂದ ಆಗೂದುಲ್ಲ" ಎಂದರು. ಬುಟ್ಟಿಯನ್ನು ಎದೆಗೆ ಅವಚಿಕೊಂಡರು. ಅಂದರೆ ಹಿಂದಕ್ಕೇ ಹೋಗಬೇಕು, ಸುತ್ತಿಕೊಂಡು ಆ ಹಿತ್ತಲ ಬಾಗಿಲಿಗೇ ಬರಬೇಕು.

ಮೊದಲು ಅತ್ತೆಯನ್ನು ಇಳಿಸಬೇಕಿತ್ತು. ಅಣ್ಣ ತಮ್ಮ ಕೈಗೆ ಕೈ ಹೆಣೆದು ಅವರನ್ನು ಕೂರಿಸಿಕೊಂಡು ಹೋಗಿ, ಹಗ್ಗದ ಜಾಡಿನಿಂದ ದೂರ, ಬದುವಿನ ಮೇಲೆ ಗೋಣಿ ಚೀಲ ಹಾಸಿ ಕೂರಿಸಿದರು. "ಮದಿವ್ಯಾಗೂ ನನ್ನ ಹಿಂಗ ಹೊತ್ತಿರಲಿಲ್ಲ ಬಿಡು" ಎಂದರು ಅತ್ತೆ, ಸ್ವಲ್ಪ ಚೇತರಿಸಿಕೊಂಡು.

ಹಿಂದೆ ದಾರಿಯ ಬದಿಗೆ ದಪ್ಪನೆಯ ಬೇವಿನ ಮರವಿತ್ತು. ಮುಂದಿನ ವಿಂಚಿನಿಂದ ಹಿಂದಿನ ಮರಕ್ಕೆ ಹಗ್ಗ ಹೋಗಬೇಕಾದರೆ ಜೀಪಿನ ಹೊಟ್ಟೆಯ ಕೆಳಗೆ ಹಾಯಿಸಬೇಕು. ಸಲಿಕೆಯಿಂದ ಅಚ್ಚಿನ ಕೆಳಗೆ ಮಣ್ಣು ತೆಗೆದು ತೂಬು ಮಾಡಿದೆವು. ಇವರು ಹಬ್ಬದ ಬಿಳಿ ಅಂಗಿಯಲ್ಲೇ ಅಂಗಾತ ಮಲಗಿ, ತೆವಳಿ, ಹಗ್ಗವನ್ನು ಆಚೆಗೆ ದಾಟಿಸಿದರು. ಹೊರಬಂದಾಗ ಕಣ್ಣೆರಡು ಬಿಟ್ಟು ಮತ್ತೇನೂ ಬಿಳಿ ಉಳಿದಿರಲಿಲ್ಲ.

"ಕೈ ಕೆಸರಾದ್ರ ಬಾಯಿ ಮೊಸರು ಅಂತಾರ. ನನಗ ಬಾಯಿನೂ ಕೆಸರ ಆತಲ್ಲ!"

"ಬುತ್ತ್ಯಾಗ ಮೊಸರ ಐತಿ, ತಡೀರಿ" ಎಂದೆ. ರಾಟಿ ಎಂದು ಆಡಿಕೊಂಡವರು ಅದೇ ರಾಟಿಗಾಗಿ ಮಣ್ಣು ತಿಂದದ್ದು ನೋಡಿ ನನಗೆ ಹೊಟ್ಟೆ ತಣ್ಣಗಾಯಿತು, ಸುಳ್ಳು ಯಾಕೆ ಹೇಳಲಿ.

ಬೇವಿನ ಬೊಡ್ಡೆಗೆ ಪಟ್ಟಿ ಸುತ್ತಿ ಅದಕ್ಕೊಂದು ಕಬ್ಬಿಣದ ಕಪ್ಪಿ ಸಿಕ್ಕಿಸಿದೆ. ಹಗ್ಗ ಆ ಕಪ್ಪಿಯನ್ನು ಬಳಸಿ ತಿರುಗಿ ಬಂದು ಜೀಪಿನ ಹಿಂದಿನ ಕೊಕ್ಕೆಗೆ ಸೇರಿತು. ಹೀಗೆ ಮಾಡಿದರೆ ಬಲ ಇಮ್ಮಡಿ. ಅಚ್ಚಿಗೆ ಹಗ್ಗ ತಿಕ್ಕದಂತೆ ಗೋಣಿ ತುರುಕಿ, ಎಲ್ಲರನ್ನೂ ದೂರ ನಿಲ್ಲಿಸಿ, ಸೀಟಿನಲ್ಲಿ ಕೂತು ರಿಮೋಟಿನ ಗುಂಡಿ ಒತ್ತಿದೆ. ಹಗ್ಗ ಬಿಗಿಯಿತು, ವಿಂಚ್ ನರಳಿತು, ಜೀಪು ಮೈ ನಡುಗಿಸಿ ಅಲ್ಲೇ ನಿಂತಿತು. ಮತ್ತೆ ಒತ್ತಿದೆ. ಮತ್ತೆ ಅದೇ.

ನನಗೆ ಸಿಟ್ಟು ನೆತ್ತಿಗೇರಿತು. ಇಳಿದು ಟೈರಿಗೆ ಒಂದು ಒದ್ದೆ. ಟೈರಿಗೆ ಏನೂ ಆಗಲಿಲ್ಲ, ನಾನು ಜಾರಿ ಹೊಸ ಇಳಕಲ್ ಸೀರೆಯಲ್ಲಿ ಕೆಸರಿನ ನಡುವೆ ಪದ್ಮಾಸನ ಹಾಕಿದಂತೆ ಕೂತೆ. ಮೊದಲು ನಕ್ಕವರು ಅತ್ತೆ. ಸೆರಗು ಬಾಯಿಗೆ ಒತ್ತಿ, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಆಮೇಲೆ ಮೈದುನ, ಇವರು, ಕೊನೆಗೆ ನಾನು.

ಕೆಳಗೆ ಕೂತದ್ದು ಒಳ್ಳೆಯದೇ ಆಯಿತು. ಗಾಲಿಗಳು ಕಣ್ಣ ಮಟ್ಟಕ್ಕಿದ್ದವು, ಎರಡೂ ಬದುವಿನ ಕಡೆ ಸೊಟ್ಟಗೆ ತಿರುಗಿದ್ದವು. ಬದುವಿಗೆ ತಿರುಗಿಸುವಾಗ ಹೂತಾಗಿನಿಂದ ಸ್ಟೇರಿಂಗ್ ನೇರ ಮಾಡುವುದನ್ನೇ ಮರೆತಿದ್ದೆ! ನೇರ ಮಾಡಿದೆ. ಗಾಲಿಗಳ ಹಿಂದಿನ ಮಣ್ಣನ್ನು ಅಣ್ಣ ತಮ್ಮ ಇಳಿಜಾರಾಗಿ ಕೆತ್ತಿದರು. ಅಷ್ಟರಲ್ಲಿ ಅತ್ತೆ ಕೂತಲ್ಲಿಯೇ ಬಗ್ಗಿ ನೆಲಕ್ಕೆ ಅಂಗೈ ಊರಿ ಮಾತಾಡುತ್ತಿದ್ದರು: "ಬಿಡು ನಮ್ಮವ್ವಾ. ನಿನಗ ಉಣಿಸಾಕ ಬಂದೇವಿ. ಹಿತ್ತಲ ಕಡೆಯಿಂದ ಬರತೇವಿ, ಸಿಟ್ಟ ಆಗಬ್ಯಾಡ."

ಮೂರನೆಯ ಸಲ ಗುಂಡಿ ಒತ್ತಿದೆ. ಪಚಕ್ಕನೆ ಸದ್ದಾಯಿತು. ಕೆಸರು ಗಾಲಿಯನ್ನು ಬಿಟ್ಟುಕೊಟ್ಟಿತು, ಜೀಪು ಎಳೆಗರುವಿನ ಹಾಗೆ ಒಂದೊಂದೇ ಹೆಜ್ಜೆ ಹಿಂದೆ ಸರಿದು ಗಟ್ಟಿ ನೆಲಕ್ಕೆ ಬಂತು. ಒಂದು ಮೆಣಸಿನ ಗಿಡವೂ ಬಾಗಿರಲಿಲ್ಲ. ಬಿಟ್ಟುಕೊಟ್ಟದ್ದು ನೇರವಾದ ಗಾಲಿಗೋ ಅತ್ತೆಯ ಮಾತಿಗೋ ಎಂಬ ವಾದ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ.

ಸುತ್ತಿಕೊಂಡು ಗರಸಿನ ದಾರಿಯಿಂದ ಬನ್ನಿಗಿಡ ಮುಟ್ಟಿದಾಗ ಹೊತ್ತು ನೆತ್ತಿಗೆ ಬಂದಿತ್ತು. ಹಸಿದು ಕೂತಿದ್ದ ಮಾವ ಗಡಿಯಾರ ನೋಡುವುದನ್ನು ಬಿಟ್ಟು ಎದ್ದು ಬಂದು ಅತ್ತೆಗೆ ಕೈ ಕೊಟ್ಟರು. "ಹಿತ್ತಲ ಬಾಗಲಿಂದ ಬಂದೆಲ್ಲ?" ಎಂದು ಚುಡಾಯಿಸಿದರು.

"ತೌರಮನಿ ಮಂದಿ ಯಾವ ಬಾಗಲಿಂದ ಬಂದ್ರೂ ತೌರಮನಿ ಮಂದೀನ" ಎಂದು ಅತ್ತೆ ಮಣೆಯ ಮೇಲೆ ಕೂತರು. ಬನ್ನಿಯ ಬುಡಕ್ಕೆ ಅರಿಸಿನ ಕುಂಕುಮ ಏರಿಸಿ, ಹಸಿರು ಬಳೆ, ಕುಬಸದ ಬಟ್ಟೆಯ ಕಣ, ಕೊಬ್ಬರಿ ಬಟ್ಟಲು, ಐದು ಹಿಡಿ ಗೋಧಿ ಇಟ್ಟು ಉಡಿ ತುಂಬಿದರು. ಕೈಗೆ ಅಂಟಿದ್ದ ಎರೆ ಮಣ್ಣನ್ನು ತೊಳೆದುಕೊಂಡಿರಲಿಲ್ಲ. ಎರಡು ವರ್ಷ ಫೋನಿನಲ್ಲಿ ಹೇಳಿಕೊಟ್ಟಿದ್ದ ಕೆಲಸವನ್ನು ಆ ಕೈಗಳು ಮಾಡುವುದನ್ನು ನೋಡಿ ನನಗೆ ಅಳು ಬಂತು. ಕೆಸರು ಒರೆಸುವ ನೆಪದಲ್ಲಿ ಮುಖ ಒರೆಸಿಕೊಂಡೆ. ಗಂಡಸರು ಚರಗ ಚೆಲ್ಲಿ, ಕೂಗುತ್ತ ಹೊಲ ಸುತ್ತಿ ಬಂದರು.

ಊಟಕ್ಕೆ ಕೂತಾಗ ಮೈದುನ ಗಂಟಲು ಸರಿ ಮಾಡಿಕೊಂಡ. "ಇಷ್ಟೆಲ್ಲಾ ಆತು ನೋಡ್ರಿ ವೈನಿ, ಅದಕ್ಕ ಇನ್ನ ಮುಂದ ಅವ್ವನ್ನ..."

ಅತ್ತೆ ಅವನ ಮಾತು ಕೇಳಿಸಿಯೇ ಇಲ್ಲವೆಂಬಂತೆ ಹೋಳಿಗೆ ಮುರಿದು ತುಪ್ಪಕ್ಕೆ ಅದ್ದುತ್ತ ಜೀಪಿನ ಹಿಂಬದಿಯನ್ನೇ ನೋಡುತ್ತಿದ್ದರು.

"ತಂಗೀ, ಈ ಹಗ್ಗದ ರಾಟಿ ಹಿಂದಕ್ಕೂ ಒಂದ ಹಾಕಸು. ಬರೂ ವರ್ಷ ನಾವು ಮುಂಬಾಗಲಿಂದನ ಬರೂಣು."

ಎಲ್ಲರೂ ಮೈದುನನ ಮುಖ ನೋಡಿದರು. ಅವನು ಬಾಯಿಗೆ ಬಂದ ಮಾತನ್ನು ರೊಟ್ಟಿಯ ಜೊತೆ ನುಂಗಿ, ಎದ್ದು ಹೋಗಿ ಅವ್ವನ ತಾಟಿಗೆ ಇನ್ನೊಂದು ಹೋಳಿಗೆ ಹಾಕಿದ. "ಮುಂದಿನ ದಾರಿಗೂ ಗರಸ ಹಾಕಸತೇನಿ ತಗೋ, ಯವ್ವಾ" ಎಂದ.