‘ಕಮ್ಮಿ ಇದ್ರೆ ಕಮ್ಮೀನೇ ಹಂಚಿ’ ಎನ್ನುವ ಪಿಳ್ಳಮ್ಮ

ದೇವನಹಳ್ಳಿ ಕೋಟೆ ಬಾಗಿಲ ಮುಂದೆ ಇನ್ನೂ ಮಬ್ಬು. ಇದ್ದಿಲಿನಿಂದ ಓಡುವ ಬಸ್ಸು ಹೊಗೆ ಕಾರುತ್ತ, ಹೊರಡಲೋ ಬೇಡವೋ ಎಂದು ಯೋಚಿಸುತ್ತ ನಿಂತಿದೆ. ಸೊಪ್ಪಿನ ಕುಕ್ಕೆಗಳು ಮೇಲಕ್ಕೆ ಹೋಗುತ್ತವೆ. ಮರಳು ತುಂಬಿದ ಪುಟ್ಟ ಮಡಕೆಯನ್ನು ಮಾತ್ರ ಪಿಳ್ಳಮ್ಮ ಯಾರ ಕೈಗೂ ಕೊಡುವುದಿಲ್ಲ.

“ಕೂಸಿಗೂ ಟಿಕೀಟು ತಗೋಳಕ್ಕಾ,” ಎಂದು ಕಂಡಕ್ಟರು ಮಡಕೆ ತೋರಿಸಿ ಕಾಲೆಳೆಯುತ್ತಾನೆ.

“ಬರೋವಾಗ ತಗೋತೀನಿ ಬಿಡಪ್ಪ, ಈಗ ಅದ್ರ ಹೊಟ್ಟೇಲಿ ಬರೀ ಮರಳೈತೆ,” ಎಂದು ಪಿಳ್ಳಮ್ಮ ಸೀಟು ಹಿಡಿಯುತ್ತಾರೆ.

ಸಂಜೆ ಬರುವಾಗ ಆ ಮಡಕೆಯ ಒದ್ದೆ ಮರಳಿನೊಳಗೆ ಇನ್ಸುಲಿನ್ ಸೀಸೆಗಳಿರುತ್ತವೆ. ಸಿಹಿಮೂತ್ರದ ಕಾಯಿಲೆಯವರಿಗೆ ದಿನವೂ ಚುಚ್ಚಬೇಕಾದ ಮದ್ದು ಅದು. ಬೆಂಗಳೂರಿಗೆ ಹೋದವರಿಗೇ ಸಿಗುತ್ತದೆ. ಮಹಾಯುದ್ಧ ಮುಗಿದು ವರ್ಷವಾಗುತ್ತ ಬಂದರೂ ಅಲ್ಲಿಯೂ ಅಳೆದು ತೂಗಿ ಕೊಡುತ್ತಾರೆ. ಕೂಲಿ ಬಿಟ್ಟು ಹೋಗಲಾರದವರು ಡಾಕ್ಟರ ಚೀಟಿಯನ್ನು ಪಿಳ್ಳಮ್ಮನ ಕೈಗೆ ಕೊಡುತ್ತಾರೆ. ಅವರು ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರಿ, ಆಸ್ಪತ್ರೆ ಬಾಗಿಲಲ್ಲಿ ಸಾಲು ನಿಂತು ತರುತ್ತಾರೆ. ಇಲ್ಲಿನ ಕಾಂಪೌಂಡರು ಚುಚ್ಚುತ್ತಾರೆ.

ಈ ಕೆಲಸಕ್ಕೆ ಇಳಿದದ್ದೇಕೆ ಎಂದು ಕೇಳಿದರೆ ಪಿಳ್ಳಮ್ಮ ಸೊಪ್ಪಿನ ಕಂತೆ ಕಟ್ಟುತ್ತಲೇ ಮಗಳ ಮಾತು ತೆಗೆಯುತ್ತಾರೆ. ಮಗಳು ಮುನಿಲಕ್ಷ್ಮಮ್ಮನಿಗೂ ಇದೇ ಕಾಯಿಲೆ ಇತ್ತು. ಮದುವೆ ಗೊತ್ತಾಗಿತ್ತು.

“ಮದ್ದು ಅಂದ್ರೆ ದೇವ್ರು ಅಂದ್ಕೊಂಡ್ವಿ. ದೇವ್ರ ಗೂಡಲ್ಲಿ ದೀಪದ ಪಕ್ಕನೇ ಇಟ್ವಿ. ಸೀಸೆಗೆ ಕುಂಕುಮನೂ ಇಟ್ಟೆ. ದೀಪದ ಕಾವಿಗೆ ಮದ್ದು ಕೆಟ್ಟೋಗೈತೆ ಅಂತ ಯಾರಿಗೆ ಗೊತ್ತು? ದಿನಾ ಚುಚ್ಚಿಸ್ತಾನೇ ಇದ್ವಿ. ಮಗು ಒಣಗ್ತಾನೇ ಹೋಯ್ತು.”

ಒದ್ದೆ ಮರಳಿನಲ್ಲಿ ಮದ್ದನ್ನು ತಂಪಾಗಿಡುವ ಉಪಾಯವನ್ನು ಡಾಕ್ಟರು ಹೇಳಿಕೊಟ್ಟದ್ದು ಮಗಳು ತೀರಿಹೋದ ಮೇಲೆ. ಈಗ ಮದ್ದು ಕೊಟ್ಟ ಮನೆಗೆಲ್ಲ ಹೋಗಿ ಪಿಳ್ಳಮ್ಮ ಮೊದಲು ದೇವರ ಗೂಡು ನೋಡುತ್ತಾರೆ. ಸೀಸೆ ಅಲ್ಲಿದ್ದರೆ, “ದೇವ್ರೇನು ಬೇಜಾರು ಮಾಡ್ಕೊಳಲ್ಲ, ನೀರಿನ ಗುಡಾಣದ ಹತ್ರ ಇಡ್ರವ್ವ,” ಎಂದು ತೆಗೆಸುತ್ತಾರೆ.

ಕೋಟೆಯೊಳಗಿನ ಪಾಪಯ್ಯನ ಮಗಳು ರುಕ್ಮಿಣಮ್ಮನ ಮದ್ದೂ ಇದೇ ಮಡಕೆಯಲ್ಲಿ ಬರುತ್ತದೆ. ತಾಯಿಯಿಲ್ಲದ ಹುಡುಗಿ. ಗಂಡನ ಮನೆ ದೂರದ ಜಡಿಗೇನಹಳ್ಳಿ ಹೋಬಳಿಯಲ್ಲಿ. ಅಲ್ಲಿ ಮದ್ದೂ ಇಲ್ಲ, ಚುಚ್ಚುವವರೂ ಇಲ್ಲ. ಹಾಗಾಗಿ ಮದುವೆಯಾದ ಮೇಲೂ ತವರಿನಲ್ಲೇ ಇದ್ದಾಳೆ. ಗಂಡ ಮುನಿಶಾಮಪ್ಪ ಸಂತೆಯ ನೆಪ ಮಾಡಿಕೊಂಡು ಬರುತ್ತಾನೆ. ಹೊತ್ತು ಇಳಿಯುವ ಮುಂಚೆ ಹೊರಡುತ್ತಾನೆ. ಅವನ ಗಾಡಿ ಮರೆಯಾದ ಮೇಲೂ ಆ ಹುಡುಗಿ ಕೋಟೆ ಬಾಗಿಲು ಬಿಟ್ಟು ಕದಲುವುದಿಲ್ಲ. ಅತ್ತೆ ಆಗಲೇ ಬೇರೆ ಹೆಣ್ಣು ನೋಡುವ ಮಾತು ಎತ್ತಿದ್ದಾಳೆ.

ಆದ್ದರಿಂದಲೇ ಪಿಳ್ಳಮ್ಮ ಜಮಾಬಂದಿಗೆ, ಅಂದರೆ ಕಂದಾಯದ ಲೆಕ್ಕ ನೋಡಲು, ಬಂದ ಸಾಹೇಬರ ಮುಂದೆ, ಕಾಯಿಲೆಯವರನ್ನೆಲ್ಲ ಕಟ್ಟಿಕೊಂಡು, ಇಲ್ಲಿನ ಆಸ್ಪತ್ರೆ ಮೆಟ್ಟಿಲ ಮೇಲೆ ಕೂತರು. ಹೋಬಳಿ ಹೋಬಳಿಗೂ ಮದ್ದು, ಚುಚ್ಚುವ ಒಬ್ಬ ಕಾಂಪೌಂಡರು: ಕೇಳಿದ್ದು ಇಷ್ಟೇ. ಮದ್ದೇ ಕಡಿಮೆ ಇದೆಯಮ್ಮ ಎಂದರು ಸಾಹೇಬರು.

“ಕಮ್ಮಿ ಇದ್ರೆ ಕಮ್ಮೀನೇ ಹಂಚಿ ಸ್ವಾಮಿ. ಎಲ್ಲಾನೂ ಬೆಂಗ್ಳೂರಲ್ಲೇ ಇಟ್ಕೊಂಡ್ರೆ ನಾವೇನು ಬದುಕೋದು ಬ್ಯಾಡ್ವಾ?”

ನೋಡೋಣ ಎಂದು ಹೇಳಿ ಸಾಹೇಬರು ಕಾರು ಹತ್ತಿದರು. ಈ ‘ನೋಡೋಣ’ ಎಂಬ ಸರ್ಕಾರಿ ಮದ್ದು ಮಾತ್ರ ಎಲ್ಲ ಹೋಬಳಿಗಳಿಗೂ ಧಾರಾಳವಾಗಿ ಸಿಗುತ್ತದೆ. ಪಿಳ್ಳಮ್ಮ ಬಿಟ್ಟಿಲ್ಲ. ಯಾರೇ ಸಾಹೇಬರು ಈ ಕಡೆ ಬಂದರೂ ಅದೇ ಮೆಟ್ಟಿಲು, ಅದೇ ಮಾತು.

ನಿಮ್ಮ ಮನಸ್ಸಿನ ಆಸೆ ಏನು ಎಂದು ಕೇಳುತ್ತೇನೆ. ಪಿಳ್ಳಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ.

“ಜಡಿಗೇನಹಳ್ಳಿಗೆ ಮದ್ದು ಬಂದ ದಿನ ರುಕ್ಮಿಣಿಗೆ ನಾನೇ ಮಡ್ಲು ತುಂಬಿ ಕಳಿಸ್ಬೇಕು. ನನ್ ಮಗಳಿಗಂತೂ ತುಂಬೋಕಾಗ್ಲಿಲ್ಲ. ಅಕ್ಕಿ, ಕೊಬ್ರಿ, ಎಲೆ ಅಡಿಕೆ, ಬೆಲ್ಲ, ಎಲ್ಲಾ ಇಡ್ತೀನಿ.”

ಬೆಲ್ಲ ಅವಳು ತಿನ್ನುವ ಹಾಗಿಲ್ಲವಲ್ಲ ಎನ್ನುತ್ತೇನೆ.

“ಅವ್ಳು ಯಾಕೆ ತಿಂತಾಳೆ? ಬೆಲ್ಲ ಇಡ್ದೆ ಹೆಣ್ಮಗೂನ ಕಳಿಸೋಕಾಗುತ್ತಾ? ಅವ್ರತ್ತೆ ತಿನ್ಲಿ.”